ಸಂಜೆಯ ಒಂದು ಗಂಟೆ ಬೈಕಿಗೆ ಕೊಡಿ

(ಶಿವಮೊಗ್ಗದಲ್ಲಿ ಮಣ್ಣಿನ ದಾರಿಯ ಸವಾರರು ಸೇರಿದ್ದಾಗ ಆಡಿದ ಮಾತುಗಳು. ಓದುವ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರ ಎರಡು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಬೈಕನ್ನು ಕೆಡಿಸುವುದು ಕಲ್ಲು ಎಂದು ಬಹಳ ಜನ ತಿಳಿದಿದ್ದಾರೆ. ಬಂಡೆ ತಾಗಿ ಇಂಜಿನ್ ಒಡೆಯುತ್ತದೆ, ಗುಂಡಿಗೆ ಬಿದ್ದು ರಿಮ್ ಸೊಟ್ಟಗಾಗುತ್ತದೆ, ಹೀಗೆ. ಅದೂ ಆಗುತ್ತದೆ. ಆದರೆ ಮಲೆನಾಡಿನಲ್ಲಿ ಬೈಕನ್ನು ಒಳಗಿಂದ ತಿನ್ನುವುದು ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಕಡಿಮೆಯೇನಲ್ಲ. ಆ ನಾಲ್ಕು ತಿಂಗಳು ಒಗೆದ ಬಟ್ಟೆ ಒಣಗುವುದಿಲ್ಲ, ಸೌದೆ ಒಣಗುವುದಿಲ್ಲ. ಬೈಕಿನ ಬೇರಿಂಗೂ ಒಣಗುವುದಿಲ್ಲ.

ಕಲ್ಲು ಕೊಟ್ಟ ಪೆಟ್ಟು ಅಲ್ಲೇ ಕಣ್ಣಿಗೆ ಕಾಣುತ್ತದೆ. ನೀರು ಮಾಡಿದ್ದು ಕಾಣುವುದಿಲ್ಲ. ಭಾನುವಾರ ಕೆಸರಿನಲ್ಲಿ ಓಡಿಸಿ ಬಂದು ಗಾಡಿಯನ್ನು ಕೊಟ್ಟಿಗೆ ಪಕ್ಕ ನಿಲ್ಲಿಸುತ್ತೀರಿ. ಮುಂದಿನ ಶನಿವಾರದವರೆಗೆ ಅದನ್ನು ಮುಟ್ಟುವುದಿಲ್ಲ. ಅಷ್ಟೂ ದಿನ ಒಳಗೆ ತುಕ್ಕು ಹಿಡಿಯುತ್ತಾ ಇರುತ್ತದೆ. ಆಮೇಲೆ ಎಲ್ಲೋ ಯಡೂರು, ಮಾಸ್ತಿಕಟ್ಟೆ ಹತ್ತಿರ ಬೇರಿಂಗ್ ಪುಡಿಯಾದಾಗ ದಾರಿಯನ್ನು ಬೈಯುತ್ತೇವೆ. ದಾರಿ ಅದನ್ನು ಹೊರಗೆ ತಂದಿತು, ಅಷ್ಟೇ. ಹಾಳಾದದ್ದು ಮನೆಯ ಅಂಗಳದಲ್ಲಿ.

ಆದ್ದರಿಂದ ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಣ್ಣಿನ ದಾರಿಯಲ್ಲಿ ದೂರ ಹೋಗುವವರು ಓಡಿಸಿದ ದಿನವೇ, ಬೆಳಕಿರುವಾಗಲೇ, ಒಂದು ಗಂಟೆ ಬೈಕಿನ ಮೇಲೆ ಕೈಯಾಡಿಸಬೇಕು. ದುಬಾರಿ ಬಿಡಿಭಾಗಕ್ಕಿಂತ ಇದರಿಂದ ಆಗುವ ಉಪಯೋಗ ದೊಡ್ಡದು. ಮನೆಯಲ್ಲಿದ್ದರೂ ಅಷ್ಟೇ, ಎಂಟು ದಿನದ ಪ್ರಯಾಣದ ಮಧ್ಯೆ ಯಾವುದೋ ಊರಿನ ಲಾಡ್ಜ್ ಮುಂದೆ ನಿಂತಿದ್ದರೂ ಅಷ್ಟೇ.

ಮೊದಲು ನಮ್ಮ ಕೆಂಪು ಮಣ್ಣಿನ ವಿಷಯ. ಗೋಡೆ ಕಟ್ಟಲು ಜಂಬಿಟ್ಟಿಗೆ ಕಡಿಯುತ್ತೇವಲ್ಲ, ನಮ್ಮ ದಾರಿಗಳ ಮೇಲಿರುವುದು ಬಹಳಷ್ಟು ಅದರದೇ ಪುಡಿ. ಅದರಲ್ಲಿ ಕಬ್ಬಿಣದ ಆಕ್ಸೈಡ್, ಅಲ್ಯೂಮಿನಿಯಂ ಆಕ್ಸೈಡ್ ತುಂಬಿವೆ. ಒಡವೆಗೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಲೋಹವನ್ನು ಸವೆಸುವ ಗುಣ ಅದಕ್ಕಿದೆ. ಚೈನಿನ ಎಣ್ಣೆಗೆ ಈ ಮಣ್ಣು ಸೇರಿದರೆ ಚೈನ್ ಪಿನ್ನು, ರೋಲರು, ಚೈನ್ ಕೂರುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಎಲ್ಲವನ್ನೂ ಅರೆಯುವ ಲೇಪ ತಯಾರಾಗುತ್ತದೆ. ಕೆಸರು ಮೆತ್ತಿದ ಚೈನಿನ ಮೇಲೆ ಮತ್ತೆ ಎಣ್ಣೆ ಸುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ತೊಳೆಯಬೇಕು, ಒರೆಸಬೇಕು, ಆಮೇಲೆ ಎಣ್ಣೆ.

ತೊಳೆಯಲು ಸೀಮೆಎಣ್ಣೆ ಒಳ್ಳೆಯದು. ಈಗ ಅದು ಸಿಗುವುದು ಕಷ್ಟ. ಚೈನ್ ಕ್ಲೀನರ್ ಡಬ್ಬಿ ಸಿಗುತ್ತದೆ, ಅದನ್ನು ತನ್ನಿ. ಪೆಟ್ರೋಲ್ ಮಾತ್ರ ಬೇಡ. ಈಗಿನ ಬೈಕುಗಳ ಚೈನಿನಲ್ಲಿ ಸಣ್ಣ ರಬ್ಬರ್ ಉಂಗುರಗಳಿರುತ್ತವೆ. ಒಳಗಿನ ಗ್ರೀಸ್ ಹೊರಗೆ ಹೋಗದಂತೆ, ಹೊರಗಿನ ನೀರು ಒಳಗೆ ಬರದಂತೆ ಅವು ತಡೆಯುತ್ತವೆ. ಪೆಟ್ರೋಲ್ ಆ ರಬ್ಬರನ್ನು ಹಾಳು ಮಾಡುತ್ತದೆ. ತಂತಿ ಬ್ರಷ್ಷೂ ಬೇಡ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಒರೆಸಿದ ಮೇಲೆ 90 ನಂಬರಿನ ಗೇರ್ ಆಯಿಲ್ ತೆಳ್ಳಗೆ ಬಿಡಿ. ಚೈನಿನ ಕೆಳಗಿನ ಸಾಲಿನಲ್ಲಿ, ಒಳಮೈಗೆ ಬಿಡಬೇಕು. ತಿರುಗುವಾಗ ಎಣ್ಣೆ ತಾನಾಗಿ ಹೊರಗಡೆಗೆ ಹರಡುತ್ತದೆ. ಈ ಕೆಲಸ ಸಂಜೆಯೇ ಆಗಬೇಕು ಎನ್ನಲು ಕಾರಣವಿದೆ. ಓಡಿ ಬಂದ ಚೈನ್ ಬೆಚ್ಚಗಿರುತ್ತದೆ, ಎಣ್ಣೆ ಸಂದಿಗೆ ಇಳಿಯುತ್ತದೆ, ರಾತ್ರಿಯಿಡೀ ಕೂತು ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹೊರಡುವಾಗ ಹಾಕಿದರೆ ಅರ್ಧ ಎಣ್ಣೆ ರಿಮ್ಮಿಗೆ ಸಿಡಿಯುತ್ತದೆ.

ಚೈನ್ ಎಷ್ಟು ಸಡಿಲ ಇರಬೇಕು ಎಂದು ತುಂಬಾ ಜನ ಕೇಳುತ್ತಾರೆ. ಅಳತೆ ನಿಮ್ಮ ಬೈಕಿನ ಪುಸ್ತಕದಲ್ಲಿದೆ, ಅದನ್ನೇ ನಂಬಿ. ಆದರೆ ಕಾರಣ ತಿಳಿದಿರಲಿ. ಹಿಂದಿನ ಚಕ್ರ ಮೇಲೆ ಕೆಳಗೆ ಆಡುವಾಗ ಚೈನಿನ ಬಿಗಿ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಕೂತಿರುವ ಜಾಗ, ಹಿಂದಿನ ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಮಣ್ಣಿನ ದಾರಿಯ ಬೈಕಿನಲ್ಲಿ ಚಕ್ರ ಮೇಲೆ ಕೆಳಗೆ ಆಡುವ ದೂರ ಜಾಸ್ತಿ, ಹಾಗಾಗಿ ಈ ವ್ಯತ್ಯಾಸವೂ ಜಾಸ್ತಿ. ಸ್ಟ್ಯಾಂಡ್ ಮೇಲೆ ನಿಂತ ಬೈಕಿನಲ್ಲಿ ಚಂದಕ್ಕೆ ಬಿಗಿ ಮಾಡಿಟ್ಟರೆ, ಇಬ್ಬರು ಕೂತು ಗುಂಡಿ ಇಳಿಸಿದಾಗ ಚೈನ್ ಗೇರ್‌ಬಾಕ್ಸಿನ ಶಾಫ್ಟನ್ನೇ ಎಳೆಯುತ್ತದೆ. ಅಲ್ಲಿನ ಆಯಿಲ್ ಸೀಲ್ ಹೋಗುತ್ತದೆ, ಬೇರಿಂಗ್ ಹೋಗುತ್ತದೆ. ಬಿಗಿ ಚೈನಿಗಿಂತ ಒಂದು ಕೂದಲೆಳೆ ಸಡಿಲ ಚೈನ್ ವಾಸಿ. ಇನ್ನು ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನ್ ಹಿಡಿದು ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅದರ ಆಯಸ್ಸು ಮುಗಿದಿದೆ. ಆಗ ಸ್ಪ್ರಾಕೆಟ್ ಸಮೇತ ಬದಲಿಸಿ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದಾಗುತ್ತದೆ.

ಸಿಗಂದೂರಿಗೆ ಹೋಗುವಾಗ ಲಿಂಗನಮಕ್ಕಿ ಹಿನ್ನೀರು ದಾಟಲು ಲಾಂಚ್‌ಗೆ ಕಾಯುತ್ತಿದ್ದೆವಲ್ಲ, ಆಗ ಹೊಳೆಬಾಗಿಲಿನಲ್ಲಿ ಇಳಿದು ಚೈನ್ ಮುಟ್ಟಿ ನೋಡಲು, ಚಕ್ರದ ಕಡ್ಡಿ ತಟ್ಟಿ ನೋಡಲು ಪುರುಸೊತ್ತು ಸಿಗುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು, ಸುಮಾರು ಎರಡೂವರೆ ಕಿಲೋಮೀಟರ್ ದಾರಿ ನಿಲ್ಲದೇ ದಾಟುತ್ತೇವೆ. ಲಿಂಗನಮಕ್ಕಿ ಹಿನ್ನೀರಿನ ಆಚೆಯವರು ಅದಕ್ಕಾಗಿ ಎಷ್ಟು ವರ್ಷ ಕಾದರು! ತುಮರಿಯ ಜನರಿಗೆ ಆದ ಅನುಕೂಲ ನೋಡಿದರೆ ನನಗೆ ನಿಜವಾಗಿ ಸಂತೋಷವಾಗುತ್ತದೆ. ಸವಾರರು ಮಾತ್ರ ಆ ಹತ್ತು ನಿಮಿಷವನ್ನು ಈಗ ತಾವೇ ಮಾಡಿಕೊಳ್ಳಬೇಕು.

ಬೇರಿಂಗಿಗೆ ಬರುತ್ತೇನೆ. ಘಾಟಿ ಇಳಿದು ಬಂದ ಚಕ್ರದ ಹಬ್, ಅಂದರೆ ಬೇರಿಂಗ್ ಕೂತಿರುವ ನಡುಭಾಗ, ಬಿಸಿಯಾಗಿರುತ್ತದೆ. ಅದನ್ನು ಹಾಗೇ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಳ್ಳದ ಮುಂದೆ ಐದು ನಿಮಿಷ ನಿಲ್ಲಿ. ಹೇಗೂ ಆಳ ನೋಡಲು ನಿಲ್ಲಲೇಬೇಕಲ್ಲ. ಇನ್ನೊಂದು, ವಾಟರ್ ಸರ್ವಿಸ್. ಜೋರು ಪ್ರೆಶರ್ ನೀರನ್ನು ಚಕ್ರದ ನಡುವಿಗೆ, ಹ್ಯಾಂಡಲ್ ತಿರುಗುವ ಬೇರಿಂಗ್ ಇರುವ ಕೋನ್ ಸೆಟ್‌ಗೆ, ಮುಂದಿನ ಫೋರ್ಕಿನ ಸೀಲಿಗೆ, ಸ್ವಿಚ್ಚಿಗೆ ಹಿಡಿದರೆ ದಾರಿಯ ಕೆಸರು ಮಾಡದ ಕೆಲಸವನ್ನು ಆ ಪೈಪು ಮಾಡುತ್ತದೆ. ಬಕೆಟ್, ಚೆಂಬು, ಒಂದು ಮೆತ್ತನೆ ಬ್ರಷ್ ಸಾಕು. ಹೊತ್ತು ಜಾಸ್ತಿ ಬೇಕು, ನಿಜ. ಆದರೆ ಕೈಯಲ್ಲಿ ತೊಳೆಯುವಾಗಲೇ ಸಡಿಲವಾದ ಬೋಲ್ಟ್, ಸೀಳಿದ ಕೇಬಲ್, ಜಿನುಗುವ ಎಣ್ಣೆ ಸಿಗುತ್ತವೆ. ಅರ್ಧ ಸರ್ವಿಸ್ ಅಲ್ಲೇ ಆಗಿಹೋಗುತ್ತದೆ.

ತೊಳೆದ ಮೇಲೆ ಚಕ್ರವನ್ನು ನೆಲದಿಂದ ಎತ್ತಿ ಅಕ್ಕಪಕ್ಕ ಅಲ್ಲಾಡಿಸಿ. ಟಕ್ ಟಕ್ ಎಂದರೆ ಬೇರಿಂಗ್ ಹೋಗಿದೆ. ಕಡ್ಡಿಗಳನ್ನು ಸ್ಪ್ಯಾನರಿನಲ್ಲಿ ಒಂದೊಂದೇ ತಟ್ಟಿ. ಬಿಗಿ ಇರುವುದು ಠಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಖ್ಯವಾದ ಬೋಲ್ಟುಗಳಿಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡಿ, ಬೋಲ್ಟಿನ ಮೇಲಿಂದ ಪಕ್ಕದ ಲೋಹದ ಮೇಲಕ್ಕೂ ಬರುವ ಹಾಗೆ. ಗೆರೆ ತುಂಡಾಗಿ ಕಂಡರೆ ಬೋಲ್ಟ್ ತಿರುಗಿದೆ. ಸ್ಪ್ಯಾನರ್ ಹಿಡಿಯದೇ ಎರಡು ನಿಮಿಷದಲ್ಲಿ ಇಡೀ ಗಾಡಿ ನೋಡಿ ಮುಗಿಸಬಹುದು. ಮನೆಯಲ್ಲಿ ಅಕ್ಕತಂಗಿಯರನ್ನು ಕೇಳಿ, ಕೆಂಪು ಬಣ್ಣವೇ ಚೆನ್ನಾಗಿ ಕಾಣುತ್ತದೆ.

ಕಣ್ಣಿಗೆ ಕಾಣದ ನೀರಿನ ಬಗ್ಗೆ ಎರಡು ಮಾತು. ಡಿಸ್ಕ್ ಬ್ರೇಕಿನ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಹುಲಿಕಲ್ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಸಾಮಾನು ಹೇರಿಕೊಂಡು ಬ್ರೇಕ್ ಹಿಡಿದೇ ಇಳಿದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ನಮ್ಮ ಹವೆಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಿಸುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿಟ್ಟು ಇಂಜಿನ್ನೇ ಹಿಡಿದುಕೊಳ್ಳಲಿ. ಎರಡನೆಯದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ್ದು. ಎಥನಾಲಿಗೂ ತೇವ ಹೀರುವ ಗುಣವಿದೆ. ಅರ್ಧ ಖಾಲಿ ಟ್ಯಾಂಕಿನೊಂದಿಗೆ ಮಳೆಗಾಲವಿಡೀ ನಿಲ್ಲಿಸಿದರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ. ಹಳೇ ಕಾರ್ಬುರೇಟರ್ ಗಾಡಿಯಾದರೆ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿಡಿ.

ಈಗ ಹಳ್ಳ ದಾಟುವುದು. ನಡೆದು ನೋಡದೆ ನೀರಿಗೆ ಇಳಿಯಬೇಡಿ. ಇಂಬಳ (ಜಿಗಣೆ) ಹತ್ತಿದರೆ ಹತ್ತಲಿ, ನಡೆದೇ ನೋಡಿ. ಕೆಂಪಗೆ ಹರಿಯುವ ನೀರಿನಲ್ಲಿ ತಳ ಕಾಣುವುದಿಲ್ಲ. ಮೊಣಕಾಲಿಗೆ ಬರುವ ನೀರು ಸೆಳೆತ ಇದ್ದರೆ ಬೈಕನ್ನೂ ನಿಮ್ಮನ್ನೂ ಒಟ್ಟಿಗೆ ಎಳೆಯುತ್ತದೆ. ಅಂಥ ಕಡೆ ವಾಪಸ್ ಬನ್ನಿ. ನಿಧಾನಕ್ಕೆ, ಒಂದೇ ಸಮ, ಒಂದನೇ ಗೇರಿನಲ್ಲಿ ದಾಟಿ. ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಹಿಡಿದು ಓಡಿಸಿದರೆ ಬ್ರೇಕ್ ಒಣಗುತ್ತದೆ.

ನೀರಿನ ನಡುವೆ ಗಾಡಿ ಬಿತ್ತು, ಇಂಜಿನ್ ನಿಂತಿತು ಎಂದುಕೊಳ್ಳಿ. ಇಡೀ ಮಾತಿನಲ್ಲಿ ಇದೊಂದನ್ನು ಮಾತ್ರ ನೆನಪಿಟ್ಟುಕೊಂಡರೂ ಸಾಕು: ಸ್ಟಾರ್ಟರ್ ಒತ್ತಬೇಡಿ. ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗಕ್ಕೆ ಕುಗ್ಗಿಸುತ್ತದೆ. ನೀರು ಹಾಗೆ ಕುಗ್ಗುವುದಿಲ್ಲ. ಒಳಗೆ ನೀರಿದ್ದಾಗ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಲ್ಲಿಗೆ ಪ್ರಯಾಣ ಮುಗಿಯಿತು, ಇಂಜಿನ್ ಬಿಚ್ಚಲೇಬೇಕು. ಗಾಡಿಯನ್ನು ದಡಕ್ಕೆ ತನ್ನಿ. ಏರ್ ಫಿಲ್ಟರ್ ಪೆಟ್ಟಿಗೆ ತೆಗೆದು ನೀರು ಚೆಲ್ಲಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ತಂತಿಯನ್ನು ಆ ತೂತಿನಿಂದ ದೂರ ಇಟ್ಟು, ಆಮೇಲೆ ಸ್ಟಾರ್ಟರ್ ಒತ್ತಿ. ನೀರು ಆ ತೂತಿನಿಂದ ಚಿಮ್ಮಿ ಹೊರಗೆ ಬರುತ್ತದೆ. ಮುಖ ಆ ಕಡೆ ಇಟ್ಟುಕೊಳ್ಳಬೇಡಿ. ಇಂಜಿನ್ ಆಯಿಲ್ ನೋಡುವ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣ ಕಂಡರೆ ಆಯಿಲಿಗೂ ನೀರು ಸೇರಿದೆ. ಆಯಿಲ್ ಬದಲಿಸುವವರೆಗೆ ಓಡಿಸುವಂತಿಲ್ಲ.

ಬೇಸಿಗೆಯ ದೂಳಿನ ಬಗ್ಗೆ ಇಷ್ಟೊಂದು ಹೇಳುವುದಿಲ್ಲ. ಏರ್ ಫಿಲ್ಟರ್ ನೋಡಿಕೊಳ್ಳಿ, ಅಷ್ಟೇ. ಗುಂಪಿನಲ್ಲಿ ಹೋಗುವಾಗ ಮುಂದಿನವರ ದೂಳು ಕುಡಿಯುತ್ತಾ ಹಿಂದೆ ಅಂಟಿಕೊಂಡು ಹೋಗಬೇಡಿ.

ಟೈರಿನ ಗಾಳಿ ಮಣ್ಣಿನ ದಾರಿಗೆ 20 ಪಿಎಸ್ಐ ಆಸುಪಾಸು ಇದ್ದರೆ ಹಿಡಿತ ಚೆನ್ನಾಗಿರುತ್ತದೆ. ಚೂಪು ಕಲ್ಲಿದ್ದರೆ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಟ್ಯೂಬ್ ಕತ್ತರಿಸುತ್ತದೆ. ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಹಾಗಾಗಿ ಪಂಪ್ ಇರಲೇಬೇಕು. ಟ್ಯೂಬ್ ಒಂದೇ ಒಯ್ಯಲು ಜಾಗವಿದ್ದರೆ ಮುಂದಿನ 21 ಇಂಚಿನದನ್ನು ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ ಟೈರಿನೊಳಗೂ ಮಡಚಿ ಕೂರಿಸಬಹುದು. ಹಿಂದಿನದನ್ನು ಮುಂದೆ ಹಾಕಲು ಆಗುವುದಿಲ್ಲ. ಮನೆಯಲ್ಲಿ ಒಮ್ಮೆ ಟೈರ್ ಬಿಚ್ಚಿ ಹಾಕಿ ಕಲಿಯಿರಿ, ಅದೂ ದಾರಿಗೆ ಒಯ್ಯುವ ಸಾಮಾನಿನಲ್ಲೇ. ಮನೆಯ ದೊಡ್ಡ ಪೆಟ್ಟಿಗೆಯ ಸ್ಪ್ಯಾನರ್ ಹಿಡಿದು ಕಲಿತರೆ ಕಾಡಿನಲ್ಲಿ ಯಾವುದೋ ಒಂದು ಸೈಜ್ ಇಲ್ಲ ಎನ್ನುವುದು ಆಗ ಗೊತ್ತಾಗುತ್ತದೆ.

ಹೊಸ ಕ್ಲಚ್ ವೈರನ್ನು ಚೀಲದಲ್ಲಿ ಇಡಬೇಡಿ. ಹಳೇ ವೈರಿನ ಪಕ್ಕದಲ್ಲೇ, ಅದೇ ದಾರಿಯಲ್ಲಿ ಎಳೆದು ಟೇಪ್ ಸುತ್ತಿಡಿ. ಕಟ್ಟಾದಾಗ ಎರಡು ತುದಿ ಬದಲಿಸಿದರೆ ಮುಗಿಯಿತು, ಟ್ಯಾಂಕ್ ಬಿಚ್ಚುವುದು ಬೇಡ. ಬ್ರೇಕ್, ಕ್ಲಚ್ ಲಿವರುಗಳ ಕ್ಲಾಂಪನ್ನು ಪೂರ್ತಿ ಬಿಗಿ ಮಾಡಬೇಡಿ. ಬಿದ್ದಾಗ ಲಿವರ್ ಹ್ಯಾಂಡಲ್ ಮೇಲೆ ತಿರುಗಬೇಕು, ಆಗ ಮುರಿಯುವುದಿಲ್ಲ. ತುಂಡಾದ ಚೈನ್ ಜೋಡಿಸುವ ಒಂದು ಕೊಂಡಿ (ಚೈನ್ ಲಾಕ್), ನಾಲ್ಕು ಫ್ಯೂಸ್, ಎಂ-ಸೀಲ್, ಸ್ವಲ್ಪ ತಂತಿ, ಒಂದು ಬಾರ್ ಸೋಪು ಇರಲಿ. ಟ್ಯಾಂಕ್ ಜಿನುಗಿದರೆ ಸೋಪನ್ನು ಉಜ್ಜಿ ಊರು ಸೇರಬಹುದು.

ಮರಳು, ಕಲ್ಲುದಾರಿಗಳಲ್ಲಿ ಹಲವು ದಿನ ನಡೆಯುವ ಡಾಕರ್ ರ‍್ಯಾಲಿ ಎಂಬ ಸ್ಪರ್ಧೆಯ ಬಗ್ಗೆ ಇಲ್ಲಿನ ಹುಡುಗರಿಗೆ ತುಂಬಾ ಕುತೂಹಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ನಮ್ಮ ಘಟ್ಟದ ಕೆಳಗಿನ ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಪೆರುವಿನಲ್ಲಿ ನಡೆದ ಡಾಕರಿನಲ್ಲಿ 37ನೆಯವರಾಗಿ ಮುಗಿಸಿದರು. ಆ ರ‍್ಯಾಲಿಯ ವೇಗವನ್ನು ಎಲ್ಲರೂ ನೋಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮ್ಯಾರಥಾನ್ ಹಂತ. ಆ ದಿನ ಸಂಜೆ ತಂಡದ ಮೆಕ್ಯಾನಿಕ್‌ಗಳು ಹತ್ತಿರ ಬರುವಂತಿಲ್ಲ. ಸವಾರ ತನ್ನ ಬೈಕನ್ನು ತಾನೇ ನೋಡಿಕೊಂಡು ಮರುದಿನ ಹೊರಡಬೇಕು. ಅದು ಗೊತ್ತಿರುವುದರಿಂದ ಎಂಥ ವೇಗದ ಸವಾರನೂ ಆ ದಿನ ಟೈರ್, ಕ್ಲಚ್ ಉಳಿಸಿಕೊಂಡು ಓಡಿಸುತ್ತಾನೆ. ನಾವು ದೂರದ ದಾರಿಗೆ ಹೋದಾಗ ನಮಗೆ ಪ್ರತಿ ದಿನವೂ ಮ್ಯಾರಥಾನ್ ಹಂತವೇ ಅಲ್ವಾ? ಏರಿನಲ್ಲಿ ಸಿಕ್ಕಿಕೊಂಡಾಗ ಅರ್ಧ ಕ್ಲಚ್ ಹಿಡಿದು ಇಂಜಿನ್ ಕಿರುಚಿಸುವ ಬದಲು ಇಳಿದು, ಪಕ್ಕದಲ್ಲಿ ನಡೆಯುತ್ತಾ ದೂಡಿದರೆ ಕ್ಲಚ್ ಪ್ಲೇಟ್ ಉಳಿಯುತ್ತದೆ. ಸಂಜೆ ನಾಲ್ಕೂವರೆಗೆ ದಿನದ ಓಟ ನಿಲ್ಲಿಸಿ. ಕತ್ತಲಲ್ಲಿ ಊರು ಸೇರಿದರೆ ನಾನು ಇಷ್ಟು ಹೊತ್ತು ಹೇಳಿದ ಯಾವುದನ್ನೂ ಮಾಡಲು ಆಗುವುದಿಲ್ಲ.

ಕಾಡಿನ ಬಗ್ಗೆ ಹೇಳದೇ ಇರಲಾರೆ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ, ಮೂಕಾಂಬಿಕಾ ಇವೆಲ್ಲ ಅಭಯಾರಣ್ಯಗಳು. ಸುಮ್ನೆ ಒಂದು ಕಾಲುದಾರಿ ಕಂಡಿತು ಎಂದು ಬೈಕ್ ನುಗ್ಗಿಸುವುದು ಕಾನೂನಿಗೂ ವಿರುದ್ಧ, ಕಾಡಿಗೂ ಕೇಡು. 1,343 ಮೀಟರ್ ಎತ್ತರದ ಕೊಡಚಾದ್ರಿಯ ಹುಲ್ಲುಗಾವಲಿನ ಮೇಲೆ ಟೈರ್ ಒಮ್ಮೆ ಹಾದರೆ ಆ ಗೆರೆಯಲ್ಲಿ ಮಳೆನೀರು ಹರಿದು ಕೊರಕಲಾಗುತ್ತದೆ. ಊರಿನ ಮಣ್ಣು ರಸ್ತೆಗಳು ಬೇಕಾದಷ್ಟಿವೆ. ಬೈಕನ್ನು ಹಳ್ಳದೊಳಗೆ ನಿಲ್ಲಿಸಿ ತೊಳೆಯಲೂ ಬೇಡಿ. ಆ ಎಣ್ಣೆ ಕೆಳಗಿನ ತೋಟಕ್ಕೆ, ಕೆಳಗಿನ ಮನೆಗೆ ಹೋಗುತ್ತದೆ.

ಸಭೆಯಲ್ಲಿ ಒಬ್ಬ ಯುವಕರು ಕೇಳಿದರು: ದೂರ ಹೋಗಲು ದೊಡ್ಡ ಬೈಕೇ ಬೇಕಾ?

ಬೇಡ. ನಮ್ಮ ಅಪ್ಪಂದಿರ ಕಾಲದಲ್ಲಿ ಮೈಸೂರಿನಲ್ಲಿ ತಯಾರಾದ ಯೆಜ್ಡಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಇದೇ ದಾರಿಗಳಲ್ಲಿ ಓಡಾಡಿದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗೆಂದು ಹಳೆಯದೇ ಚೆನ್ನ ಎಂದು ನಾನು ಹೇಳುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಈಗಿನ ಬೈಕುಗಳು ಕೆಡುವುದೇ ಕಡಿಮೆ. ಎತ್ತರದ ಲಡಾಖಿನಲ್ಲೂ ಗಾಳಿಗೆ ತಕ್ಕ ಪೆಟ್ರೋಲನ್ನು ತಾವೇ ಅಳೆದುಕೊಳ್ಳುತ್ತವೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ 411 ಸಿಸಿ ಹಿಮಾಲಯನ್, 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200, ಎರಡೂ ನಮ್ಮ ದಾರಿಗೆ ಒಗ್ಗುತ್ತವೆ. ಹಿಮಾಲಯನ್ ಸಾಮಾನು ಹೊತ್ತು ಹೆದ್ದಾರಿಯಲ್ಲಿ ಆರಾಮ, ಕೆಸರಿನಲ್ಲಿ ಬಿದ್ದರೆ ಒಬ್ಬರೇ ಎತ್ತುವುದು ಕಷ್ಟ. ಎಕ್ಸ್‌ಪಲ್ಸ್ ಹೆದ್ದಾರಿಯಲ್ಲಿ ನಿಧಾನ, ಕೆಸರಿನಲ್ಲಿ ಹಗುರ. ಮಲೆನಾಡಿಗೆ ನನ್ನನ್ನು ಕೇಳಿದರೆ ಹಗುರದ್ದೇ. ಬೈಕ್ ಯಾವುದೇ ಇರಲಿ, ಅದರ ಬಿಡಿಭಾಗ ಸಾಗರ, ತೀರ್ಥಹಳ್ಳಿಯಂಥ ಊರಿನಲ್ಲಿ ಸಿಗುತ್ತದಾ ಎಂದು ವಿಚಾರಿಸಿಯೇ ಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ಕಾಡುದಾರಿಯಲ್ಲಿ ಗಾಡಿ ಇದ್ದಕ್ಕಿದ್ದ ಹಾಗೆ ನಿಂತರೆ ಮೊದಲು ಏನು ನೋಡಬೇಕು?

ಸ್ಪ್ಯಾನರ್ ತೆಗೆಯುವ ಮೊದಲು ಇಂಜಿನ್ ನಿಲ್ಲಿಸುವ ಕೆಂಪು ಕಿಲ್ ಸ್ವಿಚ್ ನೋಡಿ, ಬಿದ್ದಾಗ ಕೈ ತಾಗಿ ಆಫ್ ಆಗಿರುತ್ತದೆ. ಆಮೇಲೆ ಸೈಡ್ ಸ್ಟ್ಯಾಂಡಿನ ಸೆನ್ಸರ್. ಅಲ್ಲಿ ಕೆಸರು ಮೆತ್ತಿಕೊಂಡರೆ ಸ್ಟ್ಯಾಂಡ್ ಇಳಿದೇ ಇದೆ ಎಂದು ಗಾಡಿ ತಿಳಿಯುತ್ತದೆ, ಗೇರ್ ಹಾಕಿದ ಕೂಡಲೇ ನಿಲ್ಲುತ್ತದೆ. ನೀರು ಹಾಕಿ ತೊಳೆದು ಸ್ಟ್ಯಾಂಡನ್ನು ಹತ್ತು ಸಲ ಆಡಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಮೂರನೆಯದು ಬ್ಯಾಟರಿಯ ಟರ್ಮಿನಲ್ ಬೋಲ್ಟ್, ಕುಲುಕಾಟಕ್ಕೆ ಸಡಿಲವಾಗುತ್ತದೆ. ಆಮೇಲೆ ಫ್ಯೂಸ್. ಇಂಜೆಕ್ಷನ್ ಗಾಡಿಯಾದರೆ ಕೀ ತಿರುಗಿಸಿದಾಗ ಟ್ಯಾಂಕಿನೊಳಗೆ ಪೆಟ್ರೋಲ್ ಪಂಪ್ ಝುಯ್ ಎನ್ನಬೇಕು. ಸದ್ದೇ ಇಲ್ಲದಿದ್ದರೆ ಅದರ ವೈರಿನ ಕನೆಕ್ಟರ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ.

ಇಷ್ಟಾದರೂ ಏಳದಿದ್ದರೆ ಎಳೆದೊಯ್ಯುವುದೇ ದಾರಿ. ಟಾರ್ ರಸ್ತೆಯಲ್ಲಿ ಹಿಂದಿನವರು ಕಾಲು ಕೊಟ್ಟು ದೂಡುತ್ತಾರೆ. ಕೆಸರಿನಲ್ಲಿ ಅದು ಆಗುವುದಿಲ್ಲ, ಹಗ್ಗ ಬೇಕು. ಮುಂದೆ ಎಳೆಯುವ ಗಾಡಿಗೆ ಹಗ್ಗ ಕಟ್ಟಿ. ಹಿಂದೆ ಬರುವ ಕೆಟ್ಟ ಗಾಡಿಗೆ ಮಾತ್ರ ಗಂಟು ಹಾಕಬೇಡಿ. ಕಾಲಿಡುವ ಪೆಗ್ಗಿಗೆ ಒಂದು ಸುತ್ತು ಸುತ್ತಿ, ತುದಿಯನ್ನು ಬೂಟಿನಡಿ ಒತ್ತಿ ಹಿಡಿಯಿರಿ. ಗಾಡಿ ವಾಲಿತು ಅನ್ನಿಸಿದರೆ ಕಾಲು ಎತ್ತಿ, ಹಗ್ಗ ತಾನಾಗಿ ಬಿಟ್ಟುಕೊಳ್ಳುತ್ತದೆ.